ನೂರೆಂಬತ್ತು ದಿನಾರಿನ ಪ್ರಾಯೋಜಕ

ಗಂಡನ ಸಂಬಳ ತಿಂಗಳಿಗೆ ನೂರೆಂಬತ್ತು ದಿನಾರು ಎಂದು ಮೊಬೈಲಿನಲ್ಲಿ ಓದಿದಾಗ ಮೋಹಿನಿಯ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಹಾಗಾಗಿ ತಕ್ಷಣ ನಗಲಿಕ್ಕೆ ಆಗಲಿಲ್ಲ. ಪಿನ್ನುಗಳನ್ನೆಲ್ಲ ತೆಗೆದು ಡಬ್ಬಿಗೆ ಹಾಕಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಲ್ಲಿ ಕೂತು, ಆಮೇಲೆ ಸಾವಕಾಶವಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಕೋಣೆಯಲ್ಲಿ ಓದುತ್ತಿದ್ದ ಮಗಳು ಅನ್ವಿತಾ ಗಾಬರಿಯಿಂದ ಓಡಿ ಬಂದಳು. ಅಮ್ಮ ನಗುವುದನ್ನು ನೋಡದೆ ಅವಳಿಗೂ ತಿಂಗಳುಗಳೇ ಆಗಿದ್ದವು.

"ವಾಟ್ ಹ್ಯಾಪನ್ಡ್, ಅಮ್ಮಾ?"

"ನಿನ್ನ ಪಪ್ಪ ಬಡವರಾಗಿದ್ದಾರೆ ಮಗಾ. ಕೋರ್ಟಿಗೆ ಪ್ರಮಾಣ ಮಾಡಿ ಬರೆದು ಕೊಟ್ಟಿದ್ದಾರೆ."

ಬಡವನಂತೆ ಬಡವ! ಯಶೋಧರ ಕುವೈತಿನ ಶುವೈಖ್‌ನಲ್ಲಿರುವ ದೊಡ್ಡದೊಂದು ಸ್ಪೇರ್‌ಪಾರ್ಟ್ಸ್ ಕಂಪನಿಯ ಸೇಲ್ಸ್ ಮ್ಯಾನೇಜರ್. ಅವನು ಓಡಿಸುವ ಗಾಡಿಯ ನಾಲ್ಕು ಟಯರು ಬದಲಿಸಲಿಕ್ಕೇ ನೂರೆಂಬತ್ತು ದಿನಾರು ಸಾಲದು. ಕಂಪನಿಯ ಆಫೀಸಿನಲ್ಲಿ ಯಾರನ್ನೋ ಕಾಡಿಬೇಡಿ ಆ ಅಂಕಿಯ ಒಂದು ಸ್ಯಾಲರಿ ಸರ್ಟಿಫಿಕೇಟ್ ಮಾಡಿಸಿದ್ದ. ಅದನ್ನು ಮಂಗಳೂರಿನ ಕೌಟುಂಬಿಕ ನ್ಯಾಯಾಲಯಕ್ಕೆ ಸಲ್ಲಿಸಿ, ಇಷ್ಟರಲ್ಲಿ ನನ್ನ ಹೊಟ್ಟೆಯೇ ತುಂಬುವುದಿಲ್ಲ, ಹೆಂಡತಿಗೆ ಎಲ್ಲಿಂದ ಕೊಡಲಿ ಎಂದು ಕೈ ಎತ್ತಿಬಿಟ್ಟಿದ್ದ.

ಕಳೆದ ಡಿಸೆಂಬರಿನಲ್ಲಿ ಅವನು "ನಮಗಿಬ್ಬರಿಗೆ ಹೊಂದುದಿಲ್ಲ" ಎಂದು ಹೇಳಿ, ಸೂಟ್‌ಕೇಸ್ ಎಳೆದುಕೊಂಡು ಸಲ್ವಾದ ಈ ಫ್ಲ್ಯಾಟಿನಿಂದ ಹೊರಟುಹೋದವನು. ಹದಿನೆಂಟು ವರ್ಷ ಹೊಂದಿದ್ದು ಇದ್ದಕ್ಕಿದ್ದ ಹಾಗೆ ಯಾಕೆ ಹೊಂದದೆ ಹೋಯಿತು ಎಂದು ಮೋಹಿನಿ ಕೇಳಿದಳು, ಅತ್ತಳು, ಮತ್ತೆ ಕೇಳಿದಳು. ಉತ್ತರ ಬರಲಿಲ್ಲ. ಬಂದದ್ದು ವಿಚ್ಛೇದನದ ಕೇಸು. ರಜೆಯಲ್ಲಿ ಊರಿಗೆ ಹೋದವನು ಅದನ್ನು ಹಾಕಿ, ಬರುವಾಗ ದಪ್ಪ ಲೆಡ್ಜರ್ ಕಾಗದದ ಮೇಲೆ ಟೈಪು ಮಾಡಿಸಿದ ಒಂದು ಒಪ್ಪಂದವನ್ನೂ ತಂದಿದ್ದ. ಇಬ್ಬರೂ ಒಪ್ಪಿ ಬೇರೆಯಾಗುವುದು, ಮೋಹಿನಿ ಐದು ಲಕ್ಷ ರೂಪಾಯಿ ಒಂದೇ ಸಲ ತೆಗೆದುಕೊಂಡು ಊರಿಗೆ ಹೋಗುವುದು, ಮತ್ತೆ ಯಾವತ್ತೂ ಏನೂ ಕೇಳದಿರುವುದು. "ಸಹಿ ಹಾಕು, ಎಲ್ಲರಿಗೂ ಸುಲಭ," ಎಂದಿದ್ದ. ಎಲ್ಲರಿಗೂ ಎಂದರೆ ಅವನಿಗೆ.

ಮೋಹಿನಿ ಸಹಿ ಹಾಕಲಿಲ್ಲ. ಕಾಗದವನ್ನು ಹೊಲಿಗೆ ಯಂತ್ರದ ಡ್ರಾವರಿಗೆ ತುರುಕಿದಳು. ಮೇ ತಿಂಗಳಿಂದ ಅವನು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ. ಕಟ್ಟಡ ನೋಡಿಕೊಳ್ಳುವ ಹಾರಿಸ್, ಈಜಿಪ್ಟಿನ ಮುದುಕ, ಪಾಪ, ಮೊದಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಈಗ ಲಿಫ್ಟಿನ ಬಾಗಿಲಲ್ಲೇ ನಿಂತು "ಮದಾಮ್, ಬಾಡಿಗೆ?" ಎನ್ನುತ್ತಾನೆ. ಅನ್ವಿತಾಳಿಗೆ ಹನ್ನೆರಡನೆಯ ಕ್ಲಾಸು. ಕೇಸು ಮುಗಿಯಲು ಎಷ್ಟು ವರ್ಷವೋ ದೇವರಿಗೇ ಗೊತ್ತು. ಅಲ್ಲಿಯವರೆಗೆ ತಿಂಗಳು ತಿಂಗಳು ಬದುಕಲಿಕ್ಕೆ ಗಂಡ ಇಷ್ಟು ಕೊಡಬೇಕು ಎಂಬ ಮಧ್ಯಂತರ ಜೀವನಾಂಶದ ಆದೇಶ ಸಿಕ್ಕಿದರೆ ಅವಳು ನಿಲ್ಲುತ್ತಾಳೆ. ಸಿಗದಿದ್ದರೆ ಡ್ರಾವರಿನ ಕಾಗದವನ್ನು ಹೊರಗೆ ತೆಗೆಯಲೇಬೇಕು. ಯಶೋಧರ ಕಾದು ಕೂತದ್ದೂ ಅದಕ್ಕೇ.

ಮಂಗಳೂರಿನ ವಕೀಲೆ ರೋಶ್ನಿ ವಾಟ್ಸಪ್ಪಿನಲ್ಲಿ ಕರೆ ಮಾಡಿದಾಗ ಮೋಹಿನಿಯ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನಗುದು ಸುಲಭ ಅಕ್ಕ, ಕೋರ್ಟಲ್ಲಿ ತೋರಿಸುದು ಕಷ್ಟ," ಎಂದಳು ರೋಶ್ನಿ.

"ಎಂತ ಕಷ್ಟ? ನಾನು ಇಲ್ಲಿಗೆ ಬರುವಾಗ ನಾನೂರೈವತ್ತು ದಿನಾರು ಸಂಬಳ ಇಲ್ಲದವರಿಗೆ ಹೆಂಡತಿ ಮಕ್ಕಳನ್ನು ಕರೆಸ್ಲಿಕ್ಕೇ ಬಿಡ್ತಿರ್ಲಿಲ್ಲ. ನಾನು ಕುವೈತಲ್ಲಿ ಕೂತದ್ದೇ ಸಾಕ್ಷಿ ಅಲ್ವಾ?"

"ಅದನ್ನೂ ಬರೀತೇನೆ. ಆದ್ರೆ ಅವ್ರ ವಕೀಲರು ಎಂತ ಹೇಳ್ತಾರೆ ಗೊತ್ತುಂಟಾ? ಆವಾಗ ಅಷ್ಟು ಇತ್ತು ಸ್ವಾಮಿ, ಈಗ ಕಂಪನಿ ಕಡಿಮೆ ಮಾಡಿದೆ ಅಂತ. ಮತ್ತೆ ಆರು ತಿಂಗಳು ವಾದ. ನಿಮ್ಗೆ ಆರು ತಿಂಗಳು ಪುರ್ಸೊತ್ತು ಉಂಟಾ?"

ಇರಲಿಲ್ಲ. ಹಾರಿಸ್‌ಗೆ ಅಂತೂ ಇರಲೇ ಇಲ್ಲ.

"ಹಾಗಾದ್ರೆ ಎರಡು ಕೆಲಸ ಮಾಡಿ," ಎಂದಳು ರೋಶ್ನಿ. "ನಿಮ್ಮ ಆದಾಯ, ಆಸ್ತಿ, ಖರ್ಚು ಎಲ್ಲ ಸೇರಿಸಿ ಅಫಿಡವಿಟ್ ಮಾಡ್ಬೇಕು, ಬಿಡದೆ ಬರೀರಿ. ಮತ್ತೆ ಅವ್ರು ಮೊನ್ನೆ ಮೊನ್ನೆಯವರೆಗೆ ಹೇಗೆ ಬದುಕ್ತಿದ್ರು ಅಂತ ತೋರಿಸುವಂಥದ್ದು ಎಂತಾದ್ರೂ ಹುಡುಕಿ. ಬಡವರು ಮಾಡದ ಖರ್ಚು ಯಾವುದಾದ್ರೂ ಮಾಡಿರ್ತಾರೆ."

ಶನಿವಾರ ಬೆಳಿಗ್ಗೆ ಮೇಲಿನ ಮಾಳಿಗೆಯ ಕಾರ್ಮೆಲ್ ಲ್ಯಾಪ್‌ಟಾಪು, ಸ್ಕ್ಯಾನರು ಎರಡನ್ನೂ ಹೊತ್ತುಕೊಂಡು ಇಳಿದು ಬಂದಳು. ಕಾರ್ಮೆಲ್ ಶರ್ಕ್‌ನ ಒಂದು ಗಾಜಿನ ಕಟ್ಟಡದಲ್ಲಿ ಸೆಕ್ರೆಟರಿ. ಮನೆಮಾತು ಕೊಂಕಣಿ, ಮೋಹಿನಿಯದ್ದು ತುಳು. ಇಬ್ಬರಿಗೂ ಕನ್ನಡವೇ ನಡುಮನೆ. ಬಂದವಳೇ ಸ್ಲೀವು ಮೇಲೇರಿಸಿ ಕೂತಳು. ಬಾಡಿಗೆ ರಸೀದಿ, ಶಾಲೆಯ ಫೀಸು, ಟ್ಯೂಷನ್ನು, ಔಷಧಿ ಬಿಲ್ಲು, ಕೋಪರೇಟಿವ್ ಅಂಗಡಿಯ ಚೀಟಿಗಳು, ಒಂದೊಂದನ್ನಾಗಿ ಮೋಹಿನಿ ಕೊಟ್ಟಳು, ಕಾರ್ಮೆಲ್ ಸ್ಕ್ಯಾನ್ ಮಾಡಿದಳು. ಎಲ್ಲ ಒಂದೇ ಫೈಲಿನಲ್ಲಿ, ತಾರೀಕು ಪ್ರಕಾರ ಇದ್ದವು. ಈ ಮನೆಯ ಕಾಗದಪತ್ರ ಏನಿದ್ದರೂ ಮೊದಲಿನಿಂದ ಮೋಹಿನಿಯದ್ದೇ ಕಾರುಬಾರು. ಯಶೋಧರನ ಇಕಾಮಾ ಎಂಬ ವಾಸದ ಪರವಾನಗಿ, ಡ್ರೈವಿಂಗ್ ಲೈಸೆನ್ಸು, ಗಾಡಿಯ ಇನ್ಶೂರೆನ್ಸು, ಬ್ಯಾಂಕಿನ ಆ್ಯಪು, ಯಾವುದನ್ನೂ ನೋಡಿಕೊಳ್ಳಲಿಕ್ಕೆ ಅವನಿಗೆ ಬರುತ್ತಿರಲಿಲ್ಲ. ಮೊಬೈಲನ್ನು ಹೆಂಡತಿಯ ಮುಂದೆ ಚಾಚಿ "ಇದೊಂದು ನೋಡು" ಎನ್ನುವುದಷ್ಟೇ ಅವನ ಪಾಲಿನ ಕೆಲಸ.

ಆದಾಯದ ಕಾಲಮ್ಮು ಬಂತು. ಮೋಹಿನಿ ಇಲ್ಲಿರುವ ಊರಿನ ಹೆಂಗಸರಿಗೆ ಸೀರೆ ಬ್ಲೌಸು ಹೊಲಿದುಕೊಡುತ್ತಿದ್ದಳು. ಕೈ ಚೊಕ್ಕ, ಮಾತಿಗೆ ತಪ್ಪುವವಳಲ್ಲ, ಹಾಗಾಗಿ ಹಬ್ಬ ಮದುವೆಯ ಕಾಲದಲ್ಲಿ ಬಿಡುವೇ ಇರುತ್ತಿರಲಿಲ್ಲ.

"ಎಪ್ಪತ್ತು ಅಂತ ಬರಿ," ಎಂದಳು.

ಕಾರ್ಮೆಲ್ ಕೀಬೋರ್ಡಿನಿಂದ ಕೈ ತೆಗೆದಳು. "ನಿಂಗೆ ತಲೆ ಸರಿ ಉಂಟಾ ಮಾರಾಯ್ತಿ? ಅದನ್ನು ಯಾರು ಕೇಳಿದ್ದಾರೆ? ಕ್ಯಾಶು ಕೈಗೆ ಬರುದು, ಕೈಯಿಂದ ಹೋಗುದು. ಅವ ಅಷ್ಟು ದೊಡ್ಡ ಸಂಬಳ ಅಡಗಿಸ್ಲಿಕ್ಕೆ ಆಗ್ತದೆ, ನಿಂಗೆ ಎಪ್ಪತ್ತು ಅಡಗಿಸ್ಲಿಕ್ಕೆ ಆಗುದಿಲ್ವಾ?"

"ಅವರ ಸುಳ್ಳು ಹಿಡೀಲಿಕ್ಕೆ ಹೊರಟವಳು ನಾನು. ನನ್ನದೊಂದು ಸುಳ್ಳನ್ನು ಕಂಕುಳಲ್ಲಿ ಇಟ್ಕೊಂಡು ಹೋಗ್ಲಾ? ಬರಿ ನೀನು."

ಕಾರ್ಮೆಲ್ ಶಿಲುಬೆ ಗುರುತು ಮಾಡಿಕೊಂಡು ಬರೆದಳು. ಖರ್ಚಿನ ಕಾಲಮ್ಮುಗಳೂ ಒಂದೊಂದಾಗಿ ತುಂಬಿದವು. ಕೊನೆಗೆ ಒಂದೇ ಒಂದು ಖಾಲಿ ಉಳಿಯಿತು.

"ಇಲ್ಲಿ ನಿನ್ನ ಸ್ವಂತ ಖರ್ಚು ಅಂತ ಉಂಟು. ಎಷ್ಟು?"

"ನಂಗೆಂತ ಖರ್ಚು?" ಎಂದಳು ಮೋಹಿನಿ, ಯೋಚಿಸದೆ.

ಅಷ್ಟೇ, ಕಾರ್ಮೆಲಳ ಪಿತ್ತ ನೆತ್ತಿಗೇರಿತು. "ಯಾಕೆ, ನೀನೆಂತ ಗಾಳಿ ಕುಡಿದು ಬದುಕುದಾ? ಕಾಲಿಗೆ ಚಪ್ಪಲಿ ಬೇಡ್ವಾ? ಆ ದವಡೆ ಹಲ್ಲು ಯಾವಾಗಿಂದ ನೋಯ್ತಾ ಉಂಟು? ಸೂಜಿಗೆ ನೂಲು ಹಾಕ್ಲಿಕ್ಕೆ ಅನ್ವಿತಾಳನ್ನು ಕರೀತಿ, ಕನ್ನಡಕ ಮಾಡಿಸಿದ್ದಿಯಾ? ನೀನೇ ನಿಂಗೆ ಸೊನ್ನೆ ಬರೆದ್ರೆ ಆ ಜಡ್ಜು ಎಂತ ಬರೀಬೇಕು?"

ನಂಗೆಂತ ಖರ್ಚು. ಮದುವೆಯಾದಂದಿನಿಂದ ಈ ಮಾತನ್ನು ಮೋಹಿನಿ ಎಷ್ಟು ಹೆಮ್ಮೆಯಿಂದ ಹೇಳಿದ್ದಳು! ಯಶೋಧರನೂ ಅದನ್ನು ನೆಂಟರ ಮುಂದೆ ಹೇಳಿ ಹೊಗಳುತ್ತಿದ್ದ. ನಮ್ಮ ಮೋಹಿನಿಗೆ ಎಂತದೂ ಬೇಡ, ಬಹಳ ಸಿಂಪಲ್ ಎಂದು. ಐದು ಲಕ್ಷವೆಂಬ ಅಂಕಿ ಅವನ ತಲೆಗೆ ಎಲ್ಲಿಂದ ಬಂತು ಎಂದು ಅವಳಿಗೆ ಈಗ ಗೊತ್ತಾಯಿತು. ಎಂತದೂ ಬೇಡದವಳಿಗೆ ಅದೇ ಹೆಚ್ಚು ಎಂದು ಅವನು ಲೆಕ್ಕ ಹಾಕಿದ್ದ. ಆ ಲೆಕ್ಕವನ್ನು ಅವನಿಗೆ ಕಲಿಸಿದ್ದು ಅವಳೇ. ದುಃಖಕ್ಕಿಂತ ಹೆಚ್ಚಾಗಿ ಅವಳಿಗೆ ಸಿಟ್ಟು ಬಂತು, ಸಿಟ್ಟು ಬಂದಾಗ ಅವಳ ಬುದ್ಧಿ ಚುರುಕು.

"ಕನ್ನಡಕ ಬರಿ," ಎಂದಳು. "ಹಲ್ಲಿನ ಡಾಕ್ಟರು ಬರಿ. ಚಪ್ಪಲಿ ಬರಿ. ವರ್ಷಕ್ಕೊಮ್ಮೆ ಊರಿಗೆ ಹೋಗುವ ಟಿಕೆಟ್ ಬರಿ. ಎರಡು ಸೀರೆಯನ್ನೂ ಬರಿ. ಬೇರೆಯವರ ಬ್ಲೌಸೇ ಹೊಲಿದು ಸಾಕಾಗಿದೆ."

ಅಫಿಡವಿಟ್ ಆಯಿತು. ಉಳಿದದ್ದು ಯಶೋಧರನ ಬಡತನ. ಬಡವರು ಮಾಡದ ಖರ್ಚು ಎಂದು ರೋಶ್ನಿ ಹೇಳಿದ್ದು ಕಿವಿಯಲ್ಲೇ ಇತ್ತು. ಮಧ್ಯಾಹ್ನ ಅನ್ನಕ್ಕೆ ನೀರಿಡುವಾಗ ಮೋಹಿನಿಗೆ ಥಟ್ಟನೆ ಹೊಳೆದದ್ದು ಯಕ್ಷಗಾನ.

ಕುವೈತಿನಲ್ಲಿರುವ ಊರಿನವರ ಸಂಘ ಜನವರಿಯಲ್ಲಿ ಊರಿನಿಂದ ಮೇಳ ಕರೆಸಿ ಆಟ ಆಡಿಸಿತ್ತು. ಸಂಘದಲ್ಲಿ ಹಣ ಕೊಡುವವರಿಗೆ ಅಂತಸ್ತುಗಳಿವೆ: ಸಿಲ್ವರ್, ಗೋಲ್ಡ್, ಡೈಮಂಡ್. ಮನೆಯಲ್ಲಿ ಎಷ್ಟು ತೊಂದರೆಯಿದ್ದರೂ ತನ್ನ ಹೆಸರು ಗೋಲ್ಡಿಗಿಂತ ಕೆಳಗೆ ಅಚ್ಚಾದರೆ ಯಶೋಧರನಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಸಲ ಡೈಮಂಡ್. ವೇದಿಕೆಯಲ್ಲಿ ಶಾಲು, ಪೇಟ, ಹಾರ. ಸ್ಮರಣ ಸಂಚಿಕೆಯಲ್ಲಿ ಪೂರ್ತಿ ಒಂದು ಪುಟದ ಬಣ್ಣದ ಫೋಟೊ, ಕೆಳಗೆ "ಕೊಡುಗೈ ದಾನಿ" ಎಂಬ ಬಿರುದು. ಮನೆ ಬಿಟ್ಟು ಹೋದ ಮರುತಿಂಗಳೇ ಈ ದಾನ! ಸಂಚಿಕೆಯ ಪ್ರತಿ ಮೋಹಿನಿಯ ಹತ್ತಿರ ಇರಲಿಲ್ಲ. ಖಜಾಂಚಿ ಲೋಕನಾಥರ ಮನೆಯಲ್ಲಿ ಇರಲೇಬೇಕು. ಅವರ ಹೆಂಡತಿ ವಾರಿಜಕ್ಕನ ಬ್ಲೌಸು ಹೇಗೂ ಕೊಡಬೇಕಿತ್ತು.

ಸಂಜೆ ವಾರಿಜಕ್ಕ ಬ್ಲೌಸು ಹಾಕಿ ನೋಡಿ, ಕನ್ನಡಿಯ ಮುಂದೆ ತಿರುಗಿ, ತೃಪ್ತಿಯಾಗಿ ಚಹಾ ಕೊಟ್ಟಳು. ಸಂಚಿಕೆ ಕೇಳಿದಾಗ ಅವಳ ಕಿವಿ ನೆಟ್ಟಗಾಯಿತು.

"ಅದು ಈಗ ಎಂತಕ್ಕೆ ಮೋಹಿನಿ?"

ಮಗಳ ಡ್ಯಾನ್ಸಿನ ಫೋಟೊ ಬೇಕಿತ್ತು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆಯಷ್ಟೇ ಎಪ್ಪತ್ತು ದಿನಾರನ್ನು ನೆಟ್ಟಗೆ ಬರೆಸಿ ಬಂದ ಮೋಹಿನಿಗೆ ಸುಳ್ಳು ಬಾಯಿಗೇ ಬರಲಿಲ್ಲ.

"ಕೋರ್ಟಿಗೆ ಕೊಡ್ಲಿಕ್ಕೆ ಅಕ್ಕ. ಇವರು ತಿಂಗಳಿಗೆ ನೂರೆಂಬತ್ತೇ ಸಂಬಳ ಅಂತ ಪ್ರಮಾಣ ಮಾಡಿದ್ದಾರೆ."

"ನೂರೆಂಬತ್ತಾ!" ವಾರಿಜಕ್ಕ ಚಹಾದ ಕಪ್ಪು ಕೆಳಗಿಟ್ಟಳು. "ಓ ದೇವರೇ! ನಮ್ಮ ಆಫೀಸ್ ಬಾಯ್‌ಗೆ ಅದಕ್ಕಿಂತ ಜಾಸ್ತಿ ಉಂಟು!"

ಒಳಗೆ ಊಟಕ್ಕೆ ಕೂತಿದ್ದ ಲೋಕನಾಥರು ಎಂಜಲು ಕೈಯಲ್ಲೇ ಎದ್ದು ಬಂದರು. ಒಳ್ಳೆಯ ಮನುಷ್ಯ, ಯಾರ ಕಷ್ಟಕ್ಕೂ ಓಡುವವರು. ಆದರೆ ಸಂಘದ ಅಧ್ಯಕ್ಷ ಸ್ಥಾನದ ವಿಷಯದಲ್ಲಿ ಯಶೋಧರನ ಮೇಲೆ ಒಂದು ಸಣ್ಣ ಉರಿ ಇದ್ದೇ ಇತ್ತು.

"ಕೋರ್ಟಿಗೆ ಸಹಿ ಹಾಕಿ ಕೊಟ್ಟದ್ದಾ?" ಎಂದು ಕೇಳಿದರು.

"ಹೌದು ಲೋಕನಾಥಣ್ಣ. ಮೊಬೈಲಲ್ಲಿ ಉಂಟು, ನೋಡಿ."

ಲೋಕನಾಥರು ಎಡಗೈಯಲ್ಲಿ ಕನ್ನಡಕ ಏರಿಸಿಕೊಂಡು ಓದಿದರು. "ಹಾಗಾದ್ರೆ ಸತ್ಯವೇ ಇರ್ಬೇಕು. ಪಾಪ, ಯಶಣ್ಣ ನಮ್ಮ ಹತ್ರ ಒಂದು ಮಾತು ಹೇಳ್ಬಹುದಿತ್ತು. ಇನ್ನೂರಕ್ಕಿಂತ ಕಡಿಮೆ ಸಂಬಳದವರಿಂದ ಒಂದು ಫಿಲ್ಸ್ ಕೂಡ ತಗೊಳ್ಳಿಕ್ಕಿಲ್ಲ ಅಂತ ಸಂಘದ ನಿಯಮವೇ ಉಂಟಲ್ಲ. ನಾವು ಅವ್ರಿಂದ ಡೈಮಂಡ್ ತಗೊಂಡು ಪಾಪ ಕಟ್ಕೊಂಡೆವು!" ಎಂದು ತಲೆ ಅಲ್ಲಾಡಿಸಿದರು. ಅವರ ಮುಖದಲ್ಲಿ ಮರುಕವಿತ್ತು. ಮರುಕದ ಹಿಂದೆ ಇನ್ನೇನೋ ಮಿಣುಗುತ್ತಲೂ ಇತ್ತು. ಮೋಹಿನಿ ಅದನ್ನು ಕಂಡೂ ಕಾಣದವಳಂತೆ ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

ಮುಂದಿನ ಶುಕ್ರವಾರ ಸಂಘದ ಆಟಿಯ ಕೂಟ. ಆಟಿ ಎಂದರೆ ಊರಿನಲ್ಲಿ ಧೋ ಎಂದು ಮಳೆ ಹೊಡೆಯುವ ತಿಂಗಳು, ಹಿಂದೆಲ್ಲ ಮನೆಯ ಅಕ್ಕಿಯ ಮಡಕೆ ತಳ ಕಾಣುತ್ತಿದ್ದ ಕಾಲ. ಕುವೈತಿನಲ್ಲಿ ಆ ಹೊತ್ತಿಗೆ ಹೊರಗೆ ಕಾಲಿಟ್ಟರೆ ಚಪ್ಪಲಿ ಕರಗುವಂಥ ಬಿಸಿಲು. ಆದರೂ ಎಸಿ ಹಾಲಿನಲ್ಲಿ ಎಲ್ಲರೂ ಸೇರಿ ಪತ್ರೊಡೆ, ತಿಮರೆ ಚಟ್ನಿ, ಹಲಸಿನ ಬೀಜದ ಪಲ್ಯ ತಿನ್ನುತ್ತಾರೆ. ಹಳೆಯ ಕಷ್ಟದ ನೆನಪಿಗೆ ಸಂಘ ಒಂದು ಪದ್ಧತಿ ಇಟ್ಟುಕೊಂಡಿದೆ. ಕಡಿಮೆ ಸಂಬಳದ ಊರಿನವರಿಗೆ, ಕ್ಯಾಂಪುಗಳಲ್ಲಿರುವ ಡ್ರೈವರು ಹೆಲ್ಪರುಗಳಿಗೆ, ಆ ದಿನ ಒಂದೊಂದು ಚೀಲ ಕುಚ್ಚಲಕ್ಕಿ. ಅದಕ್ಕೆ ಆಟಿಯ ಅಕ್ಕಿ ಎಂದೇ ಹೆಸರು. ಪ್ರತಿವರ್ಷ ಅದನ್ನು ಹಂಚುವುದು ಯಶೋಧರ. ಬಿಳಿ ಅಂಗಿ ತೊಟ್ಟು, ಒಂದೊಂದು ಚೀಲಕ್ಕೂ ಕ್ಯಾಮರಾ ಕಡೆ ನೋಡಿ ನಗುತ್ತ, ರಾಜನ ಹಾಗೆ ಹಂಚುತ್ತಿದ್ದ.

ಮಕ್ಕಳ ಕುಣಿತಕ್ಕೆ ಲಂಗ ಹೊಲಿದುಕೊಟ್ಟದ್ದರಿಂದ ಮೋಹಿನಿಯೂ ಬಂದಿದ್ದಳು. ಹೆಂಗಸರ ಸಾಲಿನಲ್ಲಿ ಕೂತು ನೋಡುತ್ತಿದ್ದಳು. ಯಶೋಧರ ಎಂದಿನಂತೆ ಅಕ್ಕಿಯ ರಾಶಿಯ ಹಿಂದೆ ಹೋಗಿ ತೋಳು ಮಡಚಿದ. ಲೋಕನಾಥರು ಮೈಕು ಹಿಡಿದುಕೊಂಡೇ ಅವನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಯಶಣ್ಣ, ಈ ಸಲ ನೀವು ಆ ಬದಿಯಲ್ಲಿ ಅಲ್ಲ, ಈಚೆ ಬನ್ನಿ. ಇಷ್ಟು ವರ್ಷ ನೀವು ಕೊಟ್ಟಿರಿ. ಇವತ್ತು ನಮ್ಮ ಕೈಯಿಂದ ನಿಮ್ಗೆ."

ಯಶೋಧರನಿಗೆ ಮೊದಲು ಅರ್ಥವಾಗಲಿಲ್ಲ. ಸನ್ಮಾನ ಎಂದುಕೊಂಡು ಕೂದಲು ಸರಿಮಾಡಿಕೊಂಡ.

"ನಾಚಿಕೆ ಪಟ್ಕೊಳ್ಬೇಡಿ. ಕಷ್ಟ ಯಾರಿಗೆ ಬರುದಿಲ್ಲ? ನೂರೆಂಬತ್ತರಲ್ಲಿ ಈ ಕಾಲದಲ್ಲಿ ಜೀವನ ಅಂದ್ರೆ ಸಾಮಾನ್ಯವಾ? ಯಕ್ಷಗಾನಕ್ಕೆ ನೀವು ಕೊಟ್ಟದ್ದನ್ನು ಕಮಿಟಿ ವಾಪಸು ಕೊಡ್ತಾ ಉಂಟು, ತಗೊಳ್ಳಿ," ಎಂದು ಲೋಕನಾಥರು ಲಕೋಟೆಯನ್ನು ಅವನ ಜೇಬಿಗೇ ತುರುಕಿದರು.

ಅಕ್ಕಿಯ ಸಾಲಿನಲ್ಲಿ ನಿಂತಿದ್ದ ಧನರಾಜ್, ಶುವೈಖ್‌ನಲ್ಲಿ ಲಾರಿ ಓಡಿಸುವ ಹುಡುಗ, ಹಿಂದೆ ಸರಿದು ಜಾಗ ಮಾಡಿದ. ಅವನ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ.

"ಬನ್ನಿ ಸಾರ್, ನನ್ನ ಮುಂದೆ ನಿಲ್ಲಿ. ನಮ್ಮ ಕ್ಯಾಂಪಲ್ಲಿ ಒಂದು ಬೆಡ್ಡು ಖಾಲಿ ಉಂಟು ಸಾರ್, ಬಾಡಿಗೆ ಕಡಿಮೆ. ನಾನು ಮಾತಾಡ್ಲಾ?"

ಅಯ್ಯೋ, ಯಶೋಧರನ ಮುಖ ಆಗ ನೋಡಬೇಕಿತ್ತು! ನನ್ನ ಸಂಬಳ ಅಷ್ಟಲ್ಲ ಎಂದು ಕೂಗಿ ಹೇಳುವ ಆಸೆ ನಾಲಗೆಯ ತುದಿಯವರೆಗೆ ಬಂದದ್ದು ಮೋಹಿನಿಗೆ ಅಷ್ಟು ದೂರಕ್ಕೂ ಕಂಡಿತು. ಹೇಳಿದರೆ ಕೋರ್ಟಿಗೆ ಕೊಟ್ಟ ಪ್ರಮಾಣ ಸುಳ್ಳಾಗುತ್ತದೆ, ಹಾಲಿನ ತುಂಬ ಮೊಬೈಲುಗಳು ವಿಡಿಯೊ ಮಾಡುತ್ತಿವೆ. ಹೇಳದಿದ್ದರೆ ಇಷ್ಟು ವರ್ಷ ತಾನು ಯಾರಿಗೆ ಅಕ್ಕಿ ಹಂಚಿದನೋ ಅವರದೇ ಸಾಲಿನಲ್ಲಿ ನಿಲ್ಲಬೇಕು. ಅವನು ಚೀಲ ತೆಗೆದುಕೊಂಡ. ಯಾರೋ ಪಾಪ, ಮನಸ್ಸು ಕರಗಿ ಚಪ್ಪಾಳೆ ತಟ್ಟಿದರು.

ಮೋಹಿನಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ, ಅದೇ ಹೆಗಲು ಬಗ್ಗಿಸಿ ಚೀಲ ಎತ್ತಿದ್ದನ್ನು ನೋಡಿ ಕರುಳು ಚುರುಕ್ ಎಂದಿತು. ಹದಿನೆಂಟು ವರ್ಷದ ಅಭ್ಯಾಸ, ಒಂದೇ ದಿನಕ್ಕೆ ಬಿಡುತ್ತದೆಯೇ? ಆಮೇಲೆ ಲಿಫ್ಟಿನ ಬಾಗಿಲಲ್ಲಿ ನಿಲ್ಲುವ ಹಾರಿಸ್ ನೆನಪಾದ. ಕರುಳು ಸುಮ್ಮನಾಯಿತು.

ಮರುದಿನ ಸಂಜೆ ಬೆಲ್ಲು ಆಯಿತು. ಬಾಗಿಲು ತೆರೆದರೆ ಯಶೋಧರ, ಕೈಯಲ್ಲಿ ಅಕ್ಕಿಯ ಚೀಲ. ಅದನ್ನು ಮನೆಯಲ್ಲಿಟ್ಟುಕೊಳ್ಳಲಿಕ್ಕೂ ಅವನಿಗೆ ಮನಸ್ಸಿರಲಿಲ್ಲ. ಗಂಡ ಹೆಂಡತಿ ಯಾವಾಗಲೂ ತುಳುವಿನಲ್ಲೇ ಮಾತಾಡುವವರು. ಜಗಳವೂ ಅದರಲ್ಲೇ ಶುರುವಾಯಿತು.

"ನನ್ನ ಮರ್ಯಾದೆ ತೆಗೆದಿ ನೀನು!"

"ನಾನೆಂತ ತೆಗೆದೆ? ನೀವು ಸಹಿ ಹಾಕಿದ್ದನ್ನು ನಾನು ಓದಿದೆ, ಅಷ್ಟೇ."

"ಅದು ಕೋರ್ಟಿಗೆ ಕೊಟ್ಟದ್ದು! ಸಂಘಕ್ಕಲ್ಲ!"

"ಕೋರ್ಟಿಗೊಂದು ಸಂಬಳ, ಸ್ಟೇಜಿಗೊಂದು ಸಂಬಳ ಅಂತ ಎರಡು ಉಂಟಾ ನಿಮ್ಗೆ?" ಎಂದಳು ಮೋಹಿನಿ. ದನಿ ಏರಿಸಲಿಲ್ಲ. "ಡೈಮಂಡ್ ಕೊಟ್ಟವರು ಮಗಳು ಮಲಗುವ ಮನೆಯ ಬಾಡಿಗೆ ನಿಲ್ಲಿಸಿದಿರಲ್ಲ. ಆವಾಗ ಹೋಗ್ಲಿಲ್ವಾ ಮರ್ಯಾದೆ?"

ಯಶೋಧರ ತನ್ನ ಹಳೆಯ ಕುರ್ಚಿಯಲ್ಲಿ ದೊಪ್ಪನೆ ಕೂತ. ಬೆಳಿಗ್ಗೆಯಿಂದ ಅವನಿಗೆ ಮೂರು ಫೋನು ಬಂದಿದ್ದವಂತೆ. ಒಬ್ಬರು ಪಾರ್ಟ್‌ಟೈಮ್ ಕೆಲಸ ಹೇಳಿದ್ದರು. ಇನ್ನೊಬ್ಬರು ಹಳೆಯ ಅಂಗಿಗಳು ಬೇಕೇ ಎಂದು ಕೇಳಿದ್ದರು. ಊರಿನಿಂದ ಅಣ್ಣ ಫೋನು ಮಾಡಿ ಅತ್ತೇಬಿಟ್ಟಿದ್ದರು.

"ವಕೀಲರ ಹತ್ರ ಮಾತಾಡಿದೆ," ಎಂದ ಕೊನೆಗೆ, ನೆಲ ನೋಡುತ್ತ. "ತಪ್ಪಾಗಿದೆ, ಸರಿಯಾದ್ದು ಕೊಡ್ತೇನೆ ಅಂತ ಹೊಸ ಅಫಿಡವಿಟ್ ಹಾಕ್ಬಹುದಂತೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಂತೆ." ಮೊಬೈಲನ್ನು ಹೊಲಿಗೆ ಯಂತ್ರದ ಮೇಲೆ ಚಾಚಿದ. "ಇದೊಂದು ನೋಡು."

ಮೋಹಿನಿಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಡೈವೋರ್ಸ್ ಕೊಡುತ್ತೇನೆಂದು ಹೋದವನು ಡೈವೋರ್ಸಿನ ಕಾಗದ ಮಾಡಿಸಲಿಕ್ಕೆ ಅವಳ ಹತ್ತಿರವೇ ಬಂದು ಕೂತಿದ್ದ! ಬಾಗಿಲು ತೋರಿಸಿ ಹೋಗಿ ಎನ್ನಬಹುದಿತ್ತು. ಅದರಿಂದ ಬಾಡಿಗೆ ಕಟ್ಟಿದ ಹಾಗಾಗುತ್ತದೆಯೇ?

"ಮಾಡಿ ಕೊಡ್ತೇನೆ," ಎಂದಳು. "ಆದ್ರೆ ಇದ್ದದ್ದು ಇದ್ದ ಹಾಗೆ. ನಿಮ್ಮ ಕಣ್ಣ ಮುಂದೆಯೇ ಬರೀತೇನೆ, ನೀವೇ ಓದಿ, ನಿಮ್ಮ ವಕೀಲರಿಗೆ ನೀವೇ ಕಳಿಸ್ಬೇಕು. ಒಪ್ಪಿಗೆಯಾ?"

ಅವನು ತಲೆಯಾಡಿಸಿದ. ಅವಳು ಆ್ಯಪು ತೆರೆದಳು. ಪಾಸ್‌ವರ್ಡ್ ಬದಲಿಸುವುದು ಹೇಗೆಂದು ಅವನಿಗೆ ಗೊತ್ತೇ ಇರಲಿಲ್ಲ, ಹಳೆಯದೇ ಇತ್ತು, ಆದರೂ ಅವನ ಕೈಯಲ್ಲೇ ಒತ್ತಿಸಿದಳು. ಸ್ಟೇಟ್‌ಮೆಂಟು ಇಳಿಯಿತು.

"ಸಂಬಳ ಎಂಟುನೂರ ಇಪ್ಪತ್ತು," ಎಂದು ಓದಿ ಬರೆದಳು.

ಯಶೋಧರ ಕುರ್ಚಿಯಲ್ಲಿ ನೆಟ್ಟಗಾದ. "ಅದು ಮಾತ್ರ ಅಲ್ಲ. ಕಮಿಷನ್ ಎಲ್ಲಿ ಹೋಯ್ತು?"

"ಕಮಿಷನ್ ಬರೀಬೇಕಾ?"

"ಬರಿ ಮತ್ತೆ! ಮೂರು ತಿಂಗಳಿಗೊಮ್ಮೆ ಬರುದಿಲ್ವಾ? ಆ ಲೋಕನಾಥನಿಗೆ ಎಲ್ಲ ಸೇರಿ ಎಂಟುನೂರು ಮುಟ್ಟುದಿಲ್ಲ, ಗೊತ್ತುಂಟಾ ನಿಂಗೆ? ನಂಗೆ ಅಕ್ಕಿ ಕೊಡ್ಲಿಕ್ಕೆ ಬಂದಿದ್ದಾನೆ, ಅಕ್ಕಿ!"

ಮೋಹಿನಿ ಬರೆದಳು.

"ಸುರತ್ಕಲ್ ಫ್ಲ್ಯಾಟಿನ ಬಾಡಿಗೆ ಬರೆದಿಯಾ? ಊರಿನ ಎಫ್‌ಡಿ? ಅದನ್ನೂ ಬರಿ. ಬಿಡ್ಬೇಡ. ನೋಡ್ಲಿ ಎಲ್ಲರೂ."

ಒಳಕೋಣೆಯ ಬಾಗಿಲ ಸಂದಿಯಲ್ಲಿ ಅನ್ವಿತಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಮೋಹಿನಿ ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದರು. ಎಲ್ಲ ಆದ ಮೇಲೆ ಅವನು ಓದಿ, ತನ್ನದೇ ಫೋನಿನಿಂದ ವಕೀಲರಿಗೆ ಕಳಿಸಿದ. ಅಂಕಿಗಳನ್ನು ಓದುವಾಗ ಅವನ ಮುಖಕ್ಕೆ ಕಳೆ ಬಂದಿತ್ತು. ಅವುಗಳಲ್ಲಿ ಒಂದು ಪಾಲು ಇನ್ನು ಮುಂದೆ ಎಲ್ಲಿಗೆ ಹೋಗುತ್ತದೆಂಬುದು ಆ ಹೊತ್ತಿಗೆ ತಲೆಯಲ್ಲಿ ಇದ್ದಂತೆ ಕಾಣಲಿಲ್ಲ.

ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ. "ಏಪ್ರಿಲಿನಲ್ಲಿ ಇಕಾಮಾ ರಿನ್ಯೂ ಉಂಟಲ್ಲ. ಮತ್ತೆ ಗಾಡಿಯ ಇನ್ಶೂರೆನ್ಸು. ಅದೆಲ್ಲ ನೀನು..."

"ಇಲ್ಲ," ಎಂದಳು ಮೋಹಿನಿ. "ಅದು ಇನ್ನು ನೀವೇ."

ಯಶೋಧರ ಕೈಯಲ್ಲಿದ್ದ ಮೊಬೈಲನ್ನು ನೋಡಿದ, ಅವಳನ್ನು ನೋಡಿದ. ಬೇರೆಯಾಗುವುದೆಂದರೆ ಏನೆಂದು ಅವನಿಗೆ ಆಗಷ್ಟೇ ಗೊತ್ತಾದಂತಿತ್ತು. ಮೋಹಿನಿಗೆ ಅದು ಡಿಸೆಂಬರಿನಿಂದ ಗೊತ್ತಿತ್ತು.

"ಈ ಅಕ್ಕಿ ತಗೊಂಡು ಹೋಗಿ," ಎಂದಳು. "ನಿಜವಾಗಿ ಕಷ್ಟದಲ್ಲಿರುವವರದ್ದು ಅದು. ಧನರಾಜನ ಕ್ಯಾಂಪಿಗೆ ಕೊಟ್ಟುಬಿಡಿ. ಫೋಟೊ ಬೇಡ."

ಆಗಸ್ಟು ಮುಗಿಯುವ ಹೊತ್ತಿಗೆ ಆದೇಶ ಬಂತು. ವಾರಿಜಕ್ಕ ಹೊಸ ಬ್ಲೌಸಿಗೆ ಅಳತೆ ಕೊಡಲು ಕೈ ಎತ್ತಿ ನಿಂತಿದ್ದಳು, ಮೋಹಿನಿಯ ಕೊರಳಲ್ಲಿ ಟೇಪು, ಮೂಗಿನ ಮೇಲೆ ಹೊಸ ಕನ್ನಡಕ. ಅದನ್ನವಳು ಆದೇಶಕ್ಕೆ ಕಾಯದೆ, ಬ್ಲೌಸಿನ ದುಡ್ಡಿನಲ್ಲೇ ಮಾಡಿಸಿಕೊಂಡಿದ್ದಳು. ರೋಶ್ನಿಯ ದನಿ ಸ್ಪೀಕರಿನಲ್ಲಿ ಮನೆ ತುಂಬ ಕೇಳಿಸಿತು.

"ತಿಂಗಳಿಗೆ ತೊಂಬತ್ತು ಸಾವಿರ ರೂಪಾಯಿ ಅಕ್ಕ! ಅರ್ಜಿ ಹಾಕಿದ ದಿನದಿಂದ ಲೆಕ್ಕ. ಮಗಳ ಫೀಸು ಬೇರೆ. ಗಂಡ ತನ್ನ ಆದಾಯ ತಾನೇ ಒಪ್ಪಿದ್ದಾನೆ, ಹೆಂಡತಿ ಹೊಲಿಗೆಯ ಸಣ್ಣ ಆದಾಯವನ್ನೂ ಮುಚ್ಚಿಟ್ಟಿಲ್ಲ, ಹಾಗಾಗಿ ಅವಳ ಖರ್ಚಿನ ಪಟ್ಟಿ ನಂಬಬಹುದು ಅಂತ ಬರೆದಿದ್ದಾರೆ. ಇನ್ನು ಕೇಸು ಎಷ್ಟು ವರ್ಷ ಬೇಕಾದ್ರೂ ನಡೀಲಿ, ನಮಗೆಂತ ಅರ್ಜೆಂಟ್?"

ಅನ್ವಿತಾ ಓಡಿ ಬಂದು ಅಮ್ಮನನ್ನು ಅಪ್ಪಿಕೊಂಡಳು. ಮೋಹಿನಿಯ ಕಣ್ಣು ತುಂಬಿ ಕನ್ನಡಕ ಮಂಜಾಯಿತು. ವಾರಿಜಕ್ಕ ಎತ್ತಿದ ಕೈ ಇಳಿಸುವುದನ್ನೇ ಮರೆತು, ಇಂಥ ಸುದ್ದಿ ಮೊದಲು ತನಗೇ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ನಿಂತಿದ್ದಳು.

"ಈ ಸಲ ಕೊರಳು ದೋಣಿ ಆಕಾರದಲ್ಲಿ ಇಡು ಮಾರಾಯ್ತಿ," ಎಂದಳು ಸುಧಾರಿಸಿಕೊಂಡು. "ಆಗ್ತದಾ?"

"ಯಾಕಾಗುದಿಲ್ಲ? ಮೊದಲು ಕಾಗದದಲ್ಲಿ ಕತ್ತರಿಸಿ ನೋಡುವ," ಎಂದು ಮೋಹಿನಿ ಕಣ್ಣೊರೆಸಿಕೊಂಡು ಯಂತ್ರದ ಡ್ರಾವರು ಎಳೆದಳು. ತಳದಲ್ಲಿ ಐದು ಲಕ್ಷದ ಒಪ್ಪಂದವಿತ್ತು, ಅವಳ ಹೆಸರಿನ ಮೇಲಿನ ಜಾಗ ಇನ್ನೂ ಖಾಲಿ. ಹಾಳೆಯನ್ನು ನಡುವೆ ಮಡಚಿ, ಪೆನ್ಸಿಲಿನಲ್ಲಿ ಗೀರು ಹಾಕಿ, ಕತ್ತರಿ ಆಡಿಸಿದಳು. ಲೆಡ್ಜರ್ ಕಾಗದ ಒಳ್ಳೆ ದಪ್ಪ ಇದ್ದದ್ದರಿಂದ ಎಲ್ಲೂ ಮುದುರಲಿಲ್ಲ, ಕೊರಳಿನ ಆಕಾರ ಚೆನ್ನಾಗಿ ಬಂತು.